ಇದನ್ನು ಆಮೇಲೆ ನೋಡೋಣ

ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದರ ಹೆಸರು ಕಿವಿಗೆ ಬಿದ್ದರೆ ಸಾಕು, ರಾತ್ರಿ ಊಟವಾದ ಮೇಲೆ ಅದರ ಅಧಿಕೃತ ಟ್ಯುಟೋರಿಯಲ್ ತೆರೆದು ಕೂರುವುದು ನನ್ನ ಚಟ. ಭಾಷೆಯನ್ನು ಕಲಿತೇ ತೀರಬೇಕೆಂಬ ಹಟವೇನೂ ಇಲ್ಲ. ಹಾಗೆ ಓದಿದ ಎಷ್ಟೋ ಭಾಷೆಗಳಲ್ಲಿ ಒಂದು ಸಾಲು ಕೋಡ್ ಕೂಡ ಬರೆದವನಲ್ಲ. ನನಗೆ ಬೇಕಾದದ್ದು ಮೊದಲ ಕೆಲವು ಅಧ್ಯಾಯಗಳ ಸ್ವಾರಸ್ಯ. ಹೊಸದಾಗಿ ಬಂದವರ ಮುಂದೆ ಮೊದಲು ಏನನ್ನು ಇಡುತ್ತಾರೆ, ಯಾವುದನ್ನು ಸದ್ಯಕ್ಕೆ ಬಚ್ಚಿಡುತ್ತಾರೆ, ಎಲ್ಲಿ 'ಇಷ್ಟಂತೂ ನಿಮಗೆ ಗೊತ್ತಿರುತ್ತದೆ' ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ, ಇದನ್ನೆಲ್ಲ ಗಮನಿಸುತ್ತ ಓದುವುದರಲ್ಲಿ ಒಂದು ಸುಖವಿದೆ. "ಆಫೀಸಿನ ಕೆಲಸ ಇನ್ನೂ ಮುಗಿದಿಲ್ವಾ?" ಎಂದು ಮನೆಯವರು ಕೇಳುತ್ತಾರೆ. ಮುಗಿದಿದೆ, ಇದು ಖುಷಿಗೆ ಎಂದರೆ ನಂಬುವುದಿಲ್ಲ.

ಈ ಚಟ ಹತ್ತಿಸಿದ್ದು ಬ್ರಯಾನ್ ಕರ್ನಿಹಾನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಹೊರತಂದ ಸಿ ಭಾಷೆಯ ಪುಸ್ತಕ. ಅದರ ಮೊದಲ ಅಧ್ಯಾಯವೇ ಒಂದು ಟ್ಯುಟೋರಿಯಲ್. ತೆರೆಯ ಮೇಲೆ 'ಹಲೋ, ವರ್ಲ್ಡ್' ಎಂದು ಮೂಡಿಸುವ ಪ್ರೋಗ್ರಾಂ ಮೊದಲು. ಅದರ ಬೆನ್ನಿಗೇ 0ಯಿಂದ 300ರವರೆಗೆ ಇಪ್ಪತ್ತಿಪ್ಪತ್ತರಂತೆ ಏರುವ ಫ್ಯಾರನ್‌ಹೀಟ್ ಉಷ್ಣಾಂಶವನ್ನು ಸೆಲ್ಸಿಯಸ್‌ಗೆ ಬದಲಿಸುವ ಪಟ್ಟಿ. ಆಮೇಲೆ ಅಕ್ಷರ ಎಣಿಸುವುದು, ಸಾಲು ಎಣಿಸುವುದು, ಪದ ಎಣಿಸುವುದು. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ನಿದ್ದೆ ಕೆಡಿಸುವ ಪಾಯಿಂಟರ್‌ಗೆ ಅಲ್ಲಿ ಜಾಗವೇ ಇಲ್ಲ; ಅದು ಬರುವುದು ಐದನೇ ಅಧ್ಯಾಯದಲ್ಲಿ. ಇಂತಿಂಥದನ್ನು ಬೇಕೆಂದೇ ಬಿಟ್ಟಿದ್ದೇವೆ, ಇದರಿಂದ ತೊಂದರೆಯೂ ಉಂಟು ಎಂದು ಲೇಖಕರು ಆರಂಭದಲ್ಲೇ ಹೇಳಿಬಿಡುತ್ತಾರೆ. ಭಾಷೆಯನ್ನು ಕಟ್ಟಿದ ರಿಚಿಯೇ ಪಕ್ಕದಲ್ಲಿದ್ದರೂ ಅದರ ದೊಡ್ಡ ಅಸ್ತ್ರವನ್ನು ಮೊದಲ ಪುಟಗಳಲ್ಲಿ ಝಳಪಿಸಲಿಲ್ಲವಲ್ಲ, ಆ ಸಂಯಮಕ್ಕೆ ನಾನು ಮರುಳಾದೆ.

ಇದರ ತೀರ ಎದುರು ತುದಿಯಲ್ಲಿದೆ, ಪಾಲ್ ಹುಡಾಕ್ ಮತ್ತು ಸಂಗಡಿಗರು ಬರೆದ 'ಎ ಜೆಂಟಲ್ ಇಂಟ್ರೊಡಕ್ಷನ್ ಟು ಹ್ಯಾಸ್ಕೆಲ್'. ಹೆಸರು ನಂಬಿ ಒಳಗೆ ಕಾಲಿಟ್ಟರೆ ಎರಡನೇ ವಿಭಾಗದಲ್ಲೇ ಟೈಪುಗಳ ಸುರಿಮಳೆ. ತೆರೆಯ ಮೇಲೆ ಒಂದು ಅಕ್ಷರ ಮೂಡಿಸುವ ವಿಚಾರ ಬರಬೇಕಾದರೆ ಏಳನೇ ವಿಭಾಗದವರೆಗೆ ಕಾಯಬೇಕು. ಅದು ಒರಟುತನವೇನಲ್ಲ. ಹ್ಯಾಸ್ಕೆಲ್ ಬಲ್ಲವರಿಗೆ ಟೈಪೇ ಬಾಗಿಲು. ಅಕ್ಷರ ಮೂಡಿಸುವ ಕೆಲಸದ ಹಿಂದೆ ಇರುವ ತತ್ವ ಅಲ್ಲಿ ನಿಜಕ್ಕೂ ಕಠಿಣ. ಅವರವರ ಭಾಷೆಯಲ್ಲಿ ಯಾವುದು ಸಹಜವೋ ಅದನ್ನೇ ಮೊದಲು ಹೇಳುತ್ತಾರೆ. ಹೊಸಬರಿಗೂ ಅದೇ ಸಹಜವಾಗಿರುತ್ತದೆಯೇ ಎಂಬುದು ಬೇರೆ ಮಾತು.

ರಸ್ಟ್ ಭಾಷೆಯ ಅಧಿಕೃತ ಪುಸ್ತಕ ಈ ಇಕ್ಕಟ್ಟನ್ನು ದಾಟುವ ಬಗೆ ನೋಡಿ. ನೀವು ಬೇರೆ ಯಾವುದಾದರೂ ಭಾಷೆಯಲ್ಲಿ ಕೋಡ್ ಬರೆದವರು ಎಂದುಕೊಂಡಿದ್ದೇವೆ, ಅದು ಯಾವ ಭಾಷೆಯಾದರೂ ಸರಿ ಎಂದು ಪೀಠಿಕೆಯಲ್ಲೇ ಹೇಳುತ್ತದೆ. ಎರಡನೇ ಅಧ್ಯಾಯದಲ್ಲಿ ಒಮ್ಮೆಗೇ ಒಂದು ಆಟ ಬರೆಸುತ್ತದೆ: ಕಂಪ್ಯೂಟರ್ ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ನಾವು ಊಹಿಸಬೇಕು. ಆ ಆಟದ ನಡುವೆ ರೆಫರೆನ್ಸ್ ಎಂಬ ಜಟಿಲ ಸಂಗತಿ ತಲೆ ಹಾಕುತ್ತದೆ. ಪುಸ್ತಕ ಅದಕ್ಕೆ ಹೆಸರು ಹೇಳಿ, ಈ ಪ್ರೋಗ್ರಾಂ ಮುಗಿಸಲು ಅದರ ಆಳ ಬೇಕಿಲ್ಲ, ಮುಂದೆ ನೋಡೋಣ ಎಂದು ದಾಟಿಸುತ್ತದೆ. ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರಲ್ಲ, ಹಾಗೆ. ಬುರುಡೆ ಬಿಚ್ಚುವುದು ಓನರ್‌ಶಿಪ್ ವಿವರಿಸುವ ನಾಲ್ಕನೇ ಅಧ್ಯಾಯದಲ್ಲಿ. ಪ್ರತಿಯೊಂದನ್ನೂ ತಿಳಿದೇ ಮುಂದಡಿಯಿಡುವ ಸ್ವಭಾವ ನಿಮ್ಮದಾದರೆ ಎರಡನೆಯದನ್ನು ಬಿಟ್ಟು ನೇರ ಮೂರನೇ ಅಧ್ಯಾಯಕ್ಕೆ ಹೋಗಿ, ಆಟಕ್ಕೆ ಆಮೇಲೆ ಬನ್ನಿ ಎಂಬ ಸಲಹೆಯೂ ಪೀಠಿಕೆಯಲ್ಲಿದೆ. ಓದುಗರಲ್ಲಿ ಎರಡು ಜಾತಿ ಉಂಟೆಂದು ಬಲ್ಲ ಬರವಣಿಗೆ ಇದು.

ಪೈಥಾನ್ ಟ್ಯುಟೋರಿಯಲ್ಲಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಅಕ್ಕನ ಮಗಳು. ಬಿ.ಕಾಂ. ಓದುತ್ತಿರುವ ಹುಡುಗಿ ರಜೆಗೆ ಬಂದಾಗ ಅದನ್ನು ಹಿಡಿದು ಕೂತಳು. ಶುರು ಸೊಗಸಾಗಿಯೇ ಇತ್ತು. ಕಂಪ್ಯೂಟರನ್ನು ಕ್ಯಾಲ್ಕುಲೇಟರಿನಂತೆ ಬಳಸುವ ಪಾಠ. ಎರಡಕ್ಕೆ ಎರಡು ಕೂಡಿದರೆ ನಾಲ್ಕು. ಕಾಮರ್ಸ್ ಹುಡುಗಿಗೆ ಇನ್ನೇನು ಬೇಕು? ಅದೇ ಅಧ್ಯಾಯದ ಕೊನೆಗೆ ಫಿಬೊನಾಚಿ ಸರಣಿ. ಅದನ್ನೂ ಕಷ್ಟಪಟ್ಟು ದಾಟಿದಳು. ಮುಂದಿನ ಅಧ್ಯಾಯದಲ್ಲಿ 'ಫಾರ್' ಬಂತು. ಸಿ ಅಥವಾ ಪ್ಯಾಸ್ಕಲ್‌ನಲ್ಲಿ ನೀವು ಕಂಡಿರುವುದಕ್ಕಿಂತ ಇದು ಸ್ವಲ್ಪ ಬೇರೆ ಎಂಬ ವಿವರಣೆ ಓದಿ, "ಮಾಮ, ಪ್ಯಾಸ್ಕಲ್ ಯಾರು?" ಎಂದಳು. ಇನ್ನಷ್ಟು ಕೆಳಗೆ ಹೋದ ಮೇಲೆ ಬಂದದ್ದು ಗಿಳಿ. ಫಂಕ್ಷನ್ನಿಗೆ ಹೆಸರು ಹಿಡಿದು ಮೌಲ್ಯ ಕೊಡುವುದನ್ನು ತೋರಿಸಲು ಅಲ್ಲಿ 'ಪ್ಯಾರಟ್' ಎಂಬ ಫಂಕ್ಷನ್ ಇದೆ. ಅದಕ್ಕೆ ವೋಲ್ಟೇಜ್ ಕೊಡಬೇಕು. "ಗಿಳಿಗೆ ಯಾಕೆ ಮಾಮ ಕರೆಂಟು?"

ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಸತ್ತ ಗಿಳಿಯ ಪ್ರಹಸನ ಅದು. ಭಾಷೆಯ ಕರ್ತೃ ಗೀಡೊ ವಾನ್ ರಾಸಮ್ ಆ ತಂಡದ ಕಾರ್ಯಕ್ರಮದಿಂದಲೇ ಭಾಷೆಗೆ ಹೆಸರಿಟ್ಟರು. ಬಲ್ಲವರಿಗೆ ಅದು ಕಣ್ಣು ಮಿಟುಕಿಸಿದ ಹಾಗೆ. ಇವಳಿಗೆ ಮಾತ್ರ ಅರ್ಥವಾಗದ ಪ್ರೋಗ್ರಾಮಿನೊಳಗೆ ಅರ್ಥವಾಗದ ಗಿಳಿ. ಕೋಡಿನ ಗುಟ್ಟು ಯಾವುದು, ಕೋಡಿನವರ ತಮಾಷೆ ಯಾವುದು ಎಂದು ಹೊಸಬರಿಗೆ ತಿಳಿಯುವುದಾದರೂ ಹೇಗೆ?

ಆಗ ಆ ಅಧ್ಯಾಯವನ್ನು ಅವಳ ಕಣ್ಣಿನಿಂದ ಮತ್ತೆ ಓದಿದೆ. 'ಇಫ್' ಎಂದರೇನೆಂದು ತಿಳಿಸಿ ಹೊರಟ ಅಧ್ಯಾಯ ಲ್ಯಾಂಬ್ಡಾವರೆಗೂ ಒಂದೇ ಉಸಿರಿಗೆ ಓಡುತ್ತದೆ. 2021ರ 3.10ನೇ ಆವೃತ್ತಿಯಲ್ಲಿ ಭಾಷೆಗೆ 'ಮ್ಯಾಚ್' ಎಂಬ ಹೊಸ ಸೌಲಭ್ಯ ಸೇರಿದಾಗ ಅದೂ ಇಲ್ಲೇ ಬಂದು ಕೂತಿತು. ಅದರ ಉದಾಹರಣೆಗಳಲ್ಲಿ ಕ್ಲಾಸ್ ಇದೆ. ಕ್ಲಾಸಿನ ಪಾಠವೋ ಒಂಬತ್ತನೇ ಅಧ್ಯಾಯದಲ್ಲಿ. ಫಂಕ್ಷನ್ ಎಂದರೇನೆಂದು ಹೇಳುವುದೂ ಇದಾದ ಮೇಲೆಯೇ! ಅಧಿಕೃತ ಟ್ಯುಟೋರಿಯಲ್ಲಿಗೆ ಅಂಟಿದ ಕಾಯಿಲೆ ಇದು. ಹೊಸದೇನು ಬಂದರೂ 'ಇದನ್ನೂ ಒಂದು ಮಾತು ಸೇರಿಸಿ' ಎನ್ನುವವರು ಇರುತ್ತಾರೆ. ಇದು ಇನ್ನು ಬೇಡ, ತೆಗೆಯಿರಿ ಎನ್ನಲು ಬಾಯಿ ಬರುವವರು ಕಡಿಮೆ.

ಹಾಗಾದರೆ ಅಧಿಕೃತ ಪಾಠ ಎಷ್ಟು ಸುಲಭವಾಗಿರಬೇಕು? ಪ್ರೋಗ್ರಾಮಿಂಗಿಗೇ ಹೊಸಬರಾದವರು ಒಂದು ಬಗೆ, ಈ ಭಾಷೆಗೆ ಮಾತ್ರ ಹೊಸಬರಾದವರು ಇನ್ನೊಂದು ಬಗೆ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಹೋದರೆ ವೇರಿಯಬಲ್ ಎಂದರೇನೆಂಬ ವಿವರಣೆಗೆ ಎರಡನೆಯವರು ಆಕಳಿಸುತ್ತಾರೆ, ಪ್ಯಾಸ್ಕಲ್ ಹೆಸರು ಕೇಳಿ ಮೊದಲನೆಯವರು ಎದ್ದು ಹೋಗುತ್ತಾರೆ. ಪೈಥಾನ್ ಟ್ಯುಟೋರಿಯಲ್ ಈಗ ಆರಂಭದಲ್ಲೇ, ಇದು ಪ್ರೋಗ್ರಾಮಿಂಗ್ ಬಲ್ಲವರಿಗೆ, ಮೊದಲ ಬಾರಿ ಕಲಿಯುವವರಿಗಲ್ಲ ಎಂದು ಹೇಳುತ್ತದೆ. ಬಂದವರನ್ನು ಬಾಗಿಲಲ್ಲೇ ತಡೆದಂತಾಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ನನಗೆ ಅದು ದೊಡ್ಡ ಉಪಕಾರವಾಗಿ ಕಾಣುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಎಡವಿ 'ನನ್ನ ತಲೆಗೆ ಇದು ಹತ್ತುವುದಿಲ್ಲ' ಎಂದುಕೊಳ್ಳುವ ಹುಡುಗಿಗೆ 'ಇದು ನಿನಗಾಗಿ ಬರೆದದ್ದಲ್ಲಮ್ಮ' ಎಂದು ಮೊದಲೇ ತಿಳಿದರೆ ಅವಳ ಧೈರ್ಯ ಉಳಿಯುತ್ತದೆ. ಅವಳಿಗೆ ನಾನು ಬೇರೆ ಪುಸ್ತಕ ಕೊಟ್ಟೆ. ಅದರಲ್ಲಿ ಬಡ್ಡಿ ಲೆಕ್ಕದ ಪ್ರೋಗ್ರಾಂ ಬರೆದು, ಕಂತಿನ ಪಟ್ಟಿ ತೆಗೆದು ಅವರಪ್ಪನಿಗೆ ತೋರಿಸಿದಳು.

ಓದುಗರು ಯಾರೆಂದು ಗೊತ್ತಾದ ಮೇಲೂ ಕಸುಬು ಮುಗಿಯುವುದಿಲ್ಲ. ಏನನ್ನು ಆಮೇಲೆ ಹೇಳೋಣ ಎಂಬ ಆಯ್ಕೆಯಲ್ಲೇ ಅದರ ಜೀವ. ಪದ ಸರಳವಾಗಿದ್ದು ಕ್ರಮ ತಪ್ಪಿದರೆ ಪಾಠ ಕಷ್ಟವೇ. ಕ್ರಮ ಸರಿಯಿದ್ದರೆ ಪಾಯಿಂಟರ್ ಕೂಡ ತನ್ನ ಸರದಿಗೆ ಕಾದು ಬಂದು ಮರ್ಯಾದೆಯಿಂದ ಮಾತಾಡಿಸುತ್ತದೆ. ಅದಕ್ಕೇ ನಾನೀಗ ಪೆನ್ಸಿಲ್ ಹಿಡಿದು ಓದುತ್ತೇನೆ. ಪಾಠ 'ಇದನ್ನು ಮುಂದೆ ನೋಡೋಣ' ಎಂದ ಕಡೆಯೆಲ್ಲ ಬರೆದಿಟ್ಟುಕೊಂಡು, ಆ ಮಾತು ಎಲ್ಲಿ ನಡೆಸಿಕೊಟ್ಟಿತು ಎಂದು ಹುಡುಕುತ್ತೇನೆ. ಪೈಥಾನ್ ಟ್ಯುಟೋರಿಯಲ್ಲಿನ ಮೇಲೆ ನನಗಿದ್ದ ಮುನಿಸು ಕರಗಿದ್ದೂ ಹೀಗೆಯೇ. ಕ್ಯಾಲ್ಕುಲೇಟರ್ ಎಂದು ಒಪ್ಪಿಸಿದ ಯಂತ್ರದಲ್ಲಿ 0.1ನ್ನು ಮೂರು ಸಲ ಕೂಡಿ 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಏಕೆಂದು ಮೊದಲ ದಿನವೇ ಹೇಳಹೊರಟರೆ ಯಾರೂ ಉಳಿಯುತ್ತಿರಲಿಲ್ಲ. ಹದಿನೈದನೇ ಅಧ್ಯಾಯ ಇಡಿಯಾಗಿ ಅದಕ್ಕೇ ಮೀಸಲು: ಹತ್ತನೇ ಒಂದು ಭಾಗವನ್ನು ಎರಡರ ಲೆಕ್ಕದಲ್ಲಿ ಪೂರ್ತಿ ಬರೆಯಲು ಬರುವುದಿಲ್ಲವೆಂದು ಅದು ಸಾವಧಾನವಾಗಿ ಬಿಡಿಸಿ ತೋರಿಸುತ್ತದೆ. ಅಷ್ಟು ದೂರ ಬಂದವರಿಗೆ ಅಷ್ಟನ್ನು ಹೇಳಬಹುದು, ಹೇಳಲೂಬೇಕು.