ಪತ್ರವನ್ನು ತಿದ್ದಿದ ಬಗೆ

ನಮ್ಮ ಪೂಜ್ಯ ತಂದೆಯವರು ಲಿಂಗೈಕ್ಯರಾದ ವಾರ್ತೆಯನ್ನು ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ತಮ್ಮನ ಮಗಳಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸಿದ್ದೆವು. ಅಜ್ಜನವರು ‘ಎಕ್ಸ್‌ಪೈರ್ಡ್’ ಎಂಬುದೇ ಮೊದಲ ವಾಕ್ಯ. “ದೊಡ್ಡಪ್ಪಾ, ಆ ಮಾತು ಹಾಲಿನ ಡಬ್ಬಿಗಲ್ಲವೇ?” ಎಂದು ಮಗು ಫೋನಿನಲ್ಲಿ ಅಳುತ್ತ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ.

ಆ ಪದಕ್ಕೆ ಮರಣವೆಂಬ ಅರ್ಥ ನಿಘಂಟಿನಲ್ಲುಂಟು. ಆದರೆ ಇಂಗ್ಲಿಷ್ ಮನೆಮಾತಿನವರು ಇಂದು ಅದನ್ನು ಹೆಚ್ಚಾಗಿ ಅವಧಿ ಮುಗಿದ ಔಷಧಿಗೆ, ಪರವಾನಗಿಗೆ ಬಳಸುತ್ತಾರೆ. ಮನುಷ್ಯರಿಗೆ ‘ಡೈಡ್’ ಎಂಬ ಸರಳ ಪದವೇ ಗೌರವದ್ದು.

ಪತ್ರದ ಪ್ರತಿಯನ್ನು ಮತ್ತೆ ಓದಿದೆವು. ‘ಡಿಸ್ಕಸ್ಡ್ ಅಬೌಟ್’ ಎಂದಿತ್ತು. ಕನ್ನಡದಲ್ಲಿ ನಾವು ವಿಷಯದ ಕುರಿತು ಚರ್ಚಿಸುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ ಪದದೊಳಗೇ ಆ ‘ಕುರಿತು’ ಅಡಗಿದೆ. ಹಾಗೆಯೇ ‘ರಿಟರ್ನ್ಡ್ ಬ್ಯಾಕ್’ ಎಂಬಲ್ಲಿ ‘ಬ್ಯಾಕ್’, ‘ಕಸಿನ್ ಬ್ರದರ್’ ಎಂಬಲ್ಲಿ ‘ಬ್ರದರ್’ ಹೆಚ್ಚಿನವು. ಕನ್ನಡದಲ್ಲಿ ಸರಿಯಾದ ರೂಢಿಯೇ ಅಲ್ಲಿ ತಪ್ಪಾಗಿತ್ತು.

ಬ್ರಿಟನ್ನಿನ ಅರ್ನೆಸ್ಟ್ ಗವರ್ಸ್ ಅವರು ಸರ್ಕಾರಿ ನೌಕರರಿಗಾಗಿ ಬರೆದ ‘ಪ್ಲೇನ್ ವರ್ಡ್ಸ್’ 1948ರಲ್ಲಿ ಪ್ರಕಟವಾಯಿತು. ಓದುವವರನ್ನು ನೆನೆದು ಸರಳವಾಗಿ ಬರೆಯಬೇಕೆಂಬುದೇ ಅದರ ತಿರುಳು. ನಾವೀಗ ಬರೆದುದನ್ನು ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಗಟ್ಟಿಯಾಗಿ ಓದುತ್ತೇವೆ. ಬಿಟ್ಟರೆ ಅರ್ಥಕ್ಕೆ ಕೊರತೆಯಾಗದ ಪದಗಳನ್ನು ಬಿಡುತ್ತೇವೆ.

ಮಗುವಿಗೆ ಎರಡನೆಯ ಪತ್ರ ಬರೆದೆವು. ‘ಡೈಡ್’ ಎಂದು ಬರೆದು, ಮುಂದೆ ‘ಲಿಂಗೈಕ್ಯ’ವೆಂಬ ನಮ್ಮ ಪದವನ್ನು ಹಾಗೆಯೇ ಇಟ್ಟು, ಎರಡು ಸಾಲಿನಲ್ಲಿ ಅದರ ಅರ್ಥವನ್ನು ವಿವರಿಸಿದೆವು. ಆ ಪತ್ರವನ್ನು ಮಗು ಅಜ್ಜನವರ ಭಾವಚಿತ್ರದ ಬಳಿ ಇಟ್ಟುಕೊಂಡಿದೆಯಂತೆ.