ನಮ್ಮ ಪಡಸಾಲೆಯ ಪರದೆ

ಸಂಸಾರಕ್ಕೆ ಬೇಕಾದ ವಸ್ತುಗಳ ಪಟ್ಟಿಯಲ್ಲಿ ಪರದೆಗೆ ಯಾವಾಗಲೂ ಕೊನೆಯ ಸ್ಥಾನ. ಅಕ್ಕಿ, ಬೇಳೆ, ಮಕ್ಕಳ ಶಾಲೆಯ ಖರ್ಚು, ಹಿರಿಯರ ಔಷಧಿ ಇವೆಲ್ಲ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮಾತ್ರ ಗೃಹಿಣಿಯ ದೃಷ್ಟಿ ಕಿಟಕಿಯ ಕಡೆಗೆ ಹರಿಯುತ್ತದೆ. ಆದರೂ ಒಂದೇ ಒಂದು ಕಿಟಕಿಯ ಪರದೆ ಬದಲಿಸಲು ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಹಿಡಿಯಿತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಹಣದ ಅಡಚಣೆ ಇದ್ದದ್ದು ನಿಜ. ಆದರೆ ಕಾರಣ ಅದೊಂದೇ ಆಗಿರಲಿಲ್ಲ.

ನಮ್ಮದು ಕೋಲಾರ ಚಿನ್ನದ ಗಣಿಯ ಉರಿಗಾಂ. ಮದುವೆಯಾಗಿ ತುಮಕೂರಿನ ಕಡೆಯಿಂದ ನಾನು ಬಂದು ಸೇರಿದ್ದು ಗಣಿ ಕಂಪನಿಯ ಪುಟ್ಟ ಮನೆಗೆ. ಮುಂದಿನ ಕೋಣೆ ಹತ್ತಡಿ ಉದ್ದ, ಒಂಬತ್ತಡಿ ಅಗಲ. ಬಂದವರನ್ನು ಕೂರಿಸುವ ಪಡಸಾಲೆ ಅದೇ, ಮಕ್ಕಳು ಓದುವ ಜಾಗ ಅದೇ, ನಮ್ಮ ಅತ್ತೆಯವರು ಲಿಂಗಪೂಜೆಗೆ ಕೂರುವ ಸ್ಥಳವೂ ಅದೇ. ರಾತ್ರಿ ಪಾಳಿಯ ವಾರಗಳಲ್ಲಿ ನಮ್ಮ ಯಜಮಾನರು ಹಗಲೆಲ್ಲ ಮಲಗುತ್ತಿದ್ದುದೂ ಅಲ್ಲಿಯೇ. ಅದಕ್ಕಿದ್ದುದು ಪೂರ್ವ ದಿಕ್ಕಿನ ಒಂದೇ ಕಿಟಕಿ.

ಯಜಮಾನರ ಕೆಲಸ ನೆಲದಡಿಯಲ್ಲಿ, ಸುರಂಗಗಳಿಗೆ ಮರದ ಆಸರೆ ಕಟ್ಟುವುದು. ಇಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ರಾತ್ರಿಯೆಲ್ಲ ಕತ್ತಲೆಯಲ್ಲಿ ದುಡಿದು ಬಂದವರಿಗೆ ಹಗಲಿನಲ್ಲಿ ನಿದ್ರೆ ಬರಬೇಕಾದರೆ ಮನೆಯಲ್ಲಿಯೂ ಕತ್ತಲೆ ಬೇಕು. ಆದುದರಿಂದಲೇ ನಮ್ಮ ಕಿಟಕಿಗೆ ಕಡುಹಸಿರು ಬಣ್ಣದ ದಪ್ಪ ಪರದೆ. ನಮ್ಮ ಸಾಲಿನ ಬಹಳಷ್ಟು ಮನೆಗಳಲ್ಲಿ ಇದೇ ಪದ್ಧತಿ. 1902ರಲ್ಲಿಯೇ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ವಿದ್ಯುತ್ತು ತರಿಸಿಕೊಂಡ ಊರಿದು; ಆ ಊರಿನ ಗೃಹಿಣಿಯರಾದ ನಾವು ಹಾಡುಹಗಲಿನಲ್ಲಿ ಬೆಳಕನ್ನು ಹೊರಗಿಟ್ಟು, ಮಕ್ಕಳಿಗೆ ಸದ್ದಿಲ್ಲದೆ ನಡೆಯುವುದನ್ನು ಕಲಿಸುತ್ತಿದ್ದೆವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ರಾತ್ರಿ ಪಾಳಿಯಿಲ್ಲ, ಹಗಲು ನಿದ್ರೆಯೂ ಇಲ್ಲ. ಪರದೆ ಮಾತ್ರ ಹಾಗೆಯೇ ತೂಗುತ್ತಿತ್ತು. ಅತ್ತೆಯವರ ಕಣ್ಣಿಗೆ ಪೊರೆ ಬಂದು, ಪೂಜೆಯ ಬಟ್ಟಲು ಕೈಗೆ ತಡವರಿಸುತ್ತಿತ್ತು. “ಸ್ವಲ್ಪ ಬೆಳಕು ಬಿಡಮ್ಮ” ಎಂದು ಅವರು ದಿನವೂ ಹೇಳುವರು. ಒಂದು ಸಂಜೆ ನಾನು ಯಜಮಾನರ ಮುಂದೆ ಮಾತು ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮತ್ತೆ ಕೆಲಸಕ್ಕೆ ಕರೆದರೆ ರಾತ್ರಿ ಪಾಳಿ ಬರುವುದಿಲ್ಲವೇ?” ಎಂದರು. ಗಣಿ ಪುನಃ ತೆರೆಯುತ್ತದೆಂಬ ಮಾತು ಆಗ ಬೀದಿಬೀದಿಯಲ್ಲಿತ್ತು. ಆ ಪರದೆ ಇಳಿಸಿದರೆ ಅವರ ಪಾಲಿಗೆ ಏನು ಇಳಿದಂತಾಗುತ್ತದೆಂಬುದು ನನಗೆ ಆಗ ತಿಳಿಯಿತು. ಮುಂದೆ ಆ ಮಾತು ಎತ್ತಲಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಪರದೆಯನ್ನು ಒಂದು ಬದಿಗೆ ಕಟ್ಟಿ, ಆಮೇಲೆ ಬಿಚ್ಚಿಬಿಡುತ್ತಿದ್ದೆ.

2002ರ ಆಷಾಢದ ಗಾಳಿ ಆ ಸಮಸ್ಯೆಯನ್ನು ತಾನೇ ಬಿಡಿಸಿತು. ನಮ್ಮ ಊರಿನ ಸೈನೈಡ್ ದಿಬ್ಬಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದುರನ್ನು ನುಣ್ಣಗೆ ಅರೆದು, ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ಗುಡ್ಡಗಳವು. ಒಂದು ಶತಮಾನದಲ್ಲಿ ಮೂರು ಕೋಟಿ ಟನ್ನಿಗೂ ಮೀರಿ ಬಿದ್ದಿರುವ ರಾಶಿ. ಗಾಳಿ ಎದ್ದರೆ ಆ ಬಿಳಿಚಿದ ಬೂದುಬಣ್ಣದ ಧೂಳು ಅನ್ನದ ತಟ್ಟೆಯವರೆಗೂ ಬರುತ್ತದೆ. ಆ ವರ್ಷ ಧೂಳು ತುಂಬಿದ ಪರದೆಯನ್ನು ಒಗೆಯುವ ಕಲ್ಲಿನ ಮೇಲೆ ಕುಸುಬುತ್ತಿದ್ದಾಗ, ಬಿಸಿಲಿಗೆ ಜೀರ್ಣವಾಗಿದ್ದ ಬಟ್ಟೆ ಉದ್ದಕ್ಕೂ ಹರಿದುಹೋಯಿತು. ಯಜಮಾನರು ನೋಡಿದರು, ಏನೂ ಹೇಳಲಿಲ್ಲ.

ಈಗ ಯಾವ ಬಣ್ಣ ಎಂಬ ಪ್ರಶ್ನೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ದೊಡ್ಡ ಹೂಗಳ ಕೆಂಪು, ನೀಲಿ ಪರದೆಗಳು ಕಣ್ಣು ಸೆಳೆದವು. ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಪಕ್ಕದ ಮನೆಯ ತಮಿಳು ಅಕ್ಕ ನನ್ನನ್ನು ತಡೆದರು. ಚಿಕ್ಕ ಕೋಣೆಗೆ ದೊಡ್ಡ ಹೂ ತಂದರೆ ಕಿಟಕಿಯೇ ಮುಂದೆ ಬಂದು ಕೂರುತ್ತದೆ, ಗೋಡೆಯ ಬಣ್ಣಕ್ಕೆ ಹತ್ತಿರವಾದ ಸೌಮ್ಯ ವರ್ಣವಾದರೆ ಗೋಡೆ ಮುಂದುವರಿದಂತೆ ತೋರಿ ಕೋಣೆ ವಿಶಾಲವಾಗಿ ಕಾಣುತ್ತದೆ ಎಂಬುದು ಅವರ ಅನುಭವ. ಅವರ ಮಾತಿನಂತೆ ಅಚ್ಚ ಬಿಳಿ, ಬೂದು, ಕೋರಾ ಈ ಮೂರು ಬಣ್ಣಗಳ ಗೇಣುದ್ದ ತುಂಡುಗಳನ್ನು ಕಿಟಕಿಗೆ ಸಿಕ್ಕಿಸಿ ಒಂದು ವಾರ ಬಿಟ್ಟೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ರಾತ್ರಿಯ ದೀಪ ಮೂರರಲ್ಲಿಯೂ ನೋಡಿದೆ. ಅಚ್ಚ ಬಿಳಿಯ ಮೇಲೆ ಮಕ್ಕಳ ಕೈಗುರುತು ಎರಡೇ ದಿನಕ್ಕೆ ಎದ್ದು ಕಂಡಿತು. ಬೂದು ಬಣ್ಣ ಹಗಲಿಗೆ ಚೆನ್ನ, ಸಂಜೆಯಾದರೆ ಮನೆಗೆ ಮಂಕು. ಕಡುಬಣ್ಣವಂತೂ ನಮ್ಮ ಊರಿನ ಬಿಳಿಚು ಧೂಳನ್ನು ಸಾರಿ ಹೇಳುತ್ತದೆಂದು ಹಳೆಯ ಪರದೆಯಿಂದಲೇ ಕಲಿತಿದ್ದೆ. ಉಳಿದದ್ದು ಕೋರಾ. ಚಲುವೆ ಮಾಡದ ನೂಲಿನ ಆ ಸಹಜ ವರ್ಣ ಬೆಳಕನ್ನು ಒಳಗೆ ಬಿಡುತ್ತದೆ, ಧೂಳನ್ನು ಕ್ಷಮಿಸುತ್ತದೆ. ಅತ್ತೆಯವರು ಆ ತುಂಡನ್ನು ಬೆರಳಿನಿಂದ ಮುಟ್ಟಿ, ಕಣ್ಣಿನ ಹತ್ತಿರ ಹಿಡಿದು, “ಇದು ಕಣ್ಣಿಗೆ ಚುಚ್ಚುವುದಿಲ್ಲ, ಇದೇ ಇರಲಿ” ಎಂದರು.

ಬಟ್ಟೆ ತರಲು ಯಜಮಾನರೂ ನಾನೂ ಬಂಗಾರಪೇಟೆಯ ಮೇಲೆ ಹೋಗುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯನ್ನು ಹುಡುಕಿಕೊಂಡು ನಡೆದೆವು. ಲೆಕ್ಕ ಹೀಗೆ: ಕಿಟಕಿ ಮೂರಡಿ ಅಗಲ, ಎರಡು ಬದಿಗೂ ಅರ್ಧ ಅಡಿ ಚಾಚಿ ಸರಳಿಗೆ ನಾಲ್ಕಡಿ. ನೆರಿಗೆ ಬೀಳಲು ಅದರ ಎರಡರಷ್ಟು, ಅಂದರೆ ಎಂಟಡಿ. ನಾಲ್ಕಡಿ ಪನ್ನದ ಬಟ್ಟೆಯಾದರೆ ಎರಡು ತುಂಡು. ಸರಳನ್ನು ಚೌಕಟ್ಟಿಗಿಂತ ಅರ್ಧ ಅಡಿ ಮೇಲಕ್ಕೆ, ಏಳಡಿ ಎತ್ತರಕ್ಕೆ ಹಾಕಿದರೆ ತಗ್ಗು ಕೋಣೆಯೂ ಎತ್ತರವಾಗಿ ಕಾಣುತ್ತದೆ. ಮಡಿಕೆಗೆ ಅರ್ಧ ಅಡಿ, ನೀರಿಗೆ ಹಾಕಿದಾಗ ಕುಗ್ಗುವುದಕ್ಕೆ ಅರ್ಧ ಅಡಿ ಸೇರಿಸಿ ತುಂಡಿಗೆ ಎಂಟಡಿಯಂತೆ ಒಟ್ಟು ಐದು ಮೀಟರು. ಕೈಮಗ್ಗದ ಹತ್ತಿಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು. ಕೆಳಗಿನ ಅಂಚು ನೆಲದಿಂದ ಒಂದು ಅಂಗುಲ ಮೇಲಿದ್ದರೆ ನೆಲ ಒರೆಸುವಾಗ ಕೊಳೆ ಹತ್ತದು.

ಸರಳು ಹಾಕಲು ಬಡಗಿಯನ್ನು ಕರೆಯೋಣವೆಂದು ನಾನು ಹೇಳುವಷ್ಟರಲ್ಲಿ ಯಜಮಾನರು ಸ್ಟೂಲಿನ ಮೇಲೆ ನಿಂತಿದ್ದರು. ದಾರ ಎಳೆದು, ಮಟ್ಟ ನೋಡಿ, ಗೋಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಆಮೇಲೆ ಮೊಳೆ ಇಟ್ಟರು. ಕಲ್ಲಿನ ಸದ್ದು ಕೇಳಿ ಆಸರೆ ಕೊಡುತ್ತಿದ್ದ ಕೈ ಅದು. ಗಣಿ ಮುಚ್ಚಿದ ಮೇಲೆ ಅವರು ಅಷ್ಟು ತನ್ಮಯರಾಗಿ ಒಂದು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂದೇ. ಮರುದಿನ ಬೆಳಿಗ್ಗೆ ಕೋಣೆಯ ತುಂಬ ಹದವಾದ ಬೆಳಕಿತ್ತು. ಅತ್ತೆಯವರು ವಿಭೂತಿಯ ಗಟ್ಟಿಯನ್ನು ತಡವರಿಸದೆ ಕೈಗೆತ್ತಿಕೊಂಡರು. ಯಜಮಾನರು ಕಿಟಕಿಯ ಬಳಿ ಕುಳಿತು ಪತ್ರಿಕೆ ಓದಿದರು.

ಹರಿದ ಹಸಿರು ಪರದೆಯನ್ನು ಅವರೇ ಮಡಿಸಿ ಟ್ರಂಕಿನಲ್ಲಿಟ್ಟಿದ್ದರು. ನಾನು ಕೇಳಲಿಲ್ಲ. ಎರಡು ವರ್ಷಗಳ ಅನಂತರ ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಮುಂಜಾನೆಯ ರೈಲು ಹಿಡಿಯತೊಡಗಿದ ಮೇಲೆ ಒಂದು ಭಾನುವಾರ ಅದನ್ನು ತೆಗೆದು, ಸೈಕಲ್ ಒರೆಸಲು ಹರಿದುಕೊಂಡರು.

ಅತ್ತೆಯವರು ಲಿಂಗೈಕ್ಯರಾಗಿ ವರ್ಷಗಳಾದವು. ಪರದೆ ಎರಡು ಬಾರಿ ಬದಲಾಗಿದೆ. ಬಣ್ಣ ಮಾತ್ರ ಕೋರಾ. ಹೊಸ ಪರದೆ ಕೊಳ್ಳಬೇಕೆಂದಿರುವ ಸಹೋದರಿಯರಿಗೆ ನನ್ನ ವಿನಂತಿ ಇಷ್ಟೇ: ಬಟ್ಟೆಯ ತುಂಡನ್ನು ಒಂದು ವಾರ ಕಿಟಕಿಗೆ ಕಟ್ಟಿ ನೋಡಿ. ಹಳೆಯದನ್ನು ಇಳಿಸುವ ಮೊದಲು, ಅದು ಮನೆಯಲ್ಲಿ ಯಾರಿಗಾಗಿ ತೂಗುತ್ತಿದೆಯೆಂದು ಒಮ್ಮೆ ವಿಚಾರಿಸಿ. ಅವರು ಒಪ್ಪುವವರೆಗೆ ಸ್ವಲ್ಪ ಕಾಯಿರಿ.