ಗಡುವಿಲ್ಲದ ಕಡತ

‘ತೀನ್’ ತೆರೆಗೆ ಬಂದದ್ದು 2016ರ ಜೂನ್‌ನಲ್ಲಿ. ಅದರ ಮೇಲಿನ ನನ್ನ ಬೇಸರ ಇನ್ನೂ ತೀರಿಲ್ಲ. ಬರೀ ಕೆಟ್ಟ ಸಿನಿಮಾ ಆಗಿದ್ದರೆ ಯಾವತ್ತೋ ಮರೆತುಬಿಡುತ್ತಿದ್ದೆ. ಇದು ಶುರುವಿನಲ್ಲಿ ಎದೆ ಹಿಂಡಿ, ಆಮೇಲೆ ಕೈಬಿಟ್ಟ ಸಿನಿಮಾ.

ಕೋಲ್ಕತ್ತಾದ ಮುದುಕ ಜಾನ್ ಬಿಸ್ವಾಸ್ ಪಾತ್ರ ಅಮಿತಾಭ್ ಬಚ್ಚನ್ ಅವರದು. ಮೊಮ್ಮಗಳು ಏಂಜೆಲಾಳನ್ನು ಯಾರೋ ಹೊತ್ತೊಯ್ದು, ಅವಳು ಸತ್ತು ಎಂಟು ವರ್ಷ. ಅಜ್ಜ ಇವತ್ತಿಗೂ ಹಳೇ ಸ್ಕೂಟರ್ ಏರಿ ಠಾಣೆಗೆ ಹೋಗಿ ಕೂರುತ್ತಾನೆ. ಅವನನ್ನು ಅಲ್ಲಿ ಯಾರೂ ಗದರುವುದಿಲ್ಲ. ಸಿಬ್ಬಂದಿಗೆ ಅವನ ಮೇಲೆ ಕನಿಕರವಿದೆ, ಉತ್ತರವಿಲ್ಲ. ಆ ದೃಶ್ಯಗಳನ್ನು ನೋಡುವಾಗ, ಮಗು ಕಳೆದುಕೊಂಡವರ ಕಾಯುವಿಕೆಯ ಬಗ್ಗೆ ನಮ್ಮಲ್ಲೊಂದು ದೊಡ್ಡ ಸಿನಿಮಾ ಬಂತು ಅಂದುಕೊಂಡೆ.

ಆ ಪ್ರಕರಣ ಕೈತಪ್ಪಿದ ಮೇಲೆ ಪೊಲೀಸ್ ಕೆಲಸ ಬಿಟ್ಟು ಪಾದ್ರಿಯಾದವನು ಮಾರ್ಟಿನ್ ದಾಸ್, ನವಾಜುದ್ದೀನ್ ಸಿದ್ದಿಕಿ. ಅದೇ ಧಾಟಿಯಲ್ಲಿ ಇನ್ನೊಬ್ಬ ಹುಡುಗ ಕಾಣೆಯಾಗುತ್ತಾನೆ. ಪೊಲೀಸ್ ಅಧಿಕಾರಿ ಸರಿತಾ, ಅಂದರೆ ವಿದ್ಯಾ ಬಾಲನ್, ಮಾರ್ಟಿನ್‌ನನ್ನು ಮತ್ತೆ ತನಿಖೆಗೆ ಎಳೆದು ತರುತ್ತಾಳೆ. ಇನ್ನು ಗುಟ್ಟು ಹೇಳದೆ ಮಾತು ಮುಂದೆ ಹೋಗದು: ಎರಡನೇ ಹುಡುಗನನ್ನು ಒಯ್ದವನು ಜಾನ್‌ನೇ. ಏಂಜೆಲಾಳನ್ನು ಒಯ್ದವನು ಆ ಹುಡುಗನ ಅಜ್ಜ.

ಈ ತಿರುವು ‘ಮೊಂಟಾಜ್’ ಎಂಬ 2013ರ ಕೊರಿಯನ್ ಚಿತ್ರದ್ದು. ‘ತೀನ್’ ಅದರ ರೀಮೇಕ್. ದಕ್ಷಿಣ ಕೊರಿಯಾದಲ್ಲಿ ಹಿಂದೆ ಕೊಲೆಗೂ ಕಾಲಮಿತಿ ಇತ್ತು. ಹದಿನೈದು ವರ್ಷ ದಾಟಿತೋ, ಕೊಲೆಗಾರ ಎದುರಿಗೆ ಬಂದು ನಿಂತರೂ ಶಿಕ್ಷೆಯಿಲ್ಲ. ದೇಗು ನಗರದಲ್ಲಿ 1991ರಲ್ಲಿ ಐವರು ಹುಡುಗರು ಹತ್ತಿರದ ಗುಡ್ಡಕ್ಕೆ ಹೋದವರು ಮನೆಗೆ ಬರಲೇ ಇಲ್ಲ. ಅವರ ಮೂಳೆಗಳು ಅದೇ ಗುಡ್ಡದಲ್ಲಿ ಸಿಕ್ಕಿದ್ದು 2002ರಲ್ಲಿ. 2006ಕ್ಕೆ ಕಾಲಮಿತಿ ಮುಗಿಯಿತು. ಮರುವರ್ಷ ಮಿತಿಯನ್ನು 25 ವರ್ಷಕ್ಕೆ ಏರಿಸಿದರು, 2015ರಲ್ಲಿ ಕೊಲೆಯ ಮಟ್ಟಿಗೆ ತೆಗೆದೇ ಹಾಕಿದರು. ಹೆತ್ತವರ ಸಂಕಟಕ್ಕೆ ಸರ್ಕಾರ ತಾರೀಖು ಗೊತ್ತುಮಾಡಿದ್ದ ನಾಡಿನಲ್ಲಿ ‘ಮೊಂಟಾಜ್’ ಹುಟ್ಟಿತು. ಹಳೆಯ ಅಪರಾಧಕ್ಕೆ ಕಾನೂನು ಬಾಗಿಲು ಹಾಕಿದ ಮೇಲೆ, ತಪ್ಪಿತಸ್ಥನನ್ನು ಅವನು ಮಾಡದ ಹೊಸ ಅಪರಾಧದಲ್ಲಿ ಸಿಕ್ಕಿಸುವ ತಾಯಿಯ ಕಥೆ ಅದು. ಒಂದು ಮುಗ್ಧ ಮಗುವನ್ನು ಬಚ್ಚಿಡುವುದು ಕ್ರೂರ ಕೆಲಸ. ಆದರೂ ಆ ತಾಯಿಗೆ ಬೇರೆ ದಾರಿ ಇರಲಿಲ್ಲ ಎಂಬುದು ನಮಗೆ ಮನವರಿಕೆಯಾಗುತ್ತದೆ.

ಕೋಲ್ಕತ್ತಾಕ್ಕೆ ತರುವಾಗ ಬೇರನ್ನು ಅಲ್ಲೇ ಬಿಟ್ಟು ಕೊಂಬೆಯನ್ನಷ್ಟೇ ಕಡಿದು ತಂದರು. ನಮ್ಮಲ್ಲಿ ಕಾಲಮಿತಿ ಇರುವುದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ. ಹಣಕ್ಕಾಗಿ ಅಪಹರಿಸಿದರೆ ಮರಣದಂಡನೆ ಅಥವಾ ಜೀವಾವಧಿ. ಎಂಟಲ್ಲ, ಇಪ್ಪತ್ತೆಂಟು ವರ್ಷವಾದರೂ ಮೊಕದ್ದಮೆ ಹೂಡಬಹುದು. ಹಾಗಿದ್ದ ಮೇಲೆ ಜಾನ್ ಯಾಕೆ ಇನ್ನೊಂದು ಮನೆಯ ಮಗುವಿಗೆ ಕೈಹಾಕಬೇಕು? ಚಿತ್ರ ಈ ಪ್ರಶ್ನೆಯ ಮುಂದೆ ನಿಲ್ಲುವುದೇ ಇಲ್ಲ. ಬೇರೆ ಬೇರೆ ಹೊತ್ತಿನಲ್ಲಿ ನಡೆದದ್ದನ್ನು ಒಟ್ಟಿಗೆ ನಡೆದಂತೆ ಜೋಡಿಸಿ ನಮ್ಮನ್ನು ಏಮಾರಿಸುವುದರಲ್ಲೇ ಅದರ ಬುದ್ಧಿಯೆಲ್ಲ ಖರ್ಚಾಗುತ್ತದೆ. ಮುದುಕನ ದುಃಖವನ್ನು ಹೀಗೆ ಚಮತ್ಕಾರಕ್ಕೆ ಬಳಸಿಕೊಂಡದ್ದು ನನಗೆ ಸಹಿಸಲಾಗದು.

ನಮ್ಮಲ್ಲಿ ಕಾನೂನಿನ ಬಾಗಿಲು ತೆರೆದೇ ಇರುತ್ತದೆ, ಒಳಗೆ ಕೇಳುವವರಿರುವುದಿಲ್ಲ. ನೋಯ್ಡಾದ ನಿಠಾರಿಯಲ್ಲಿ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ ಅಪ್ಪ ಅಮ್ಮಂದಿರ ದೂರಿಗೆ ಪೊಲೀಸರು ಕಿವಿಗೊಡಲಿಲ್ಲ. 2006ರ ಡಿಸೆಂಬರ್‌ನಲ್ಲಿ ಚರಂಡಿಯಿಂದ ಮೂಳೆಗಳು ಹೊರಬಂದವು. 2023ರಲ್ಲಿ ಅಲಹಾಬಾದ್ ಹೈಕೋರ್ಟ್, ತನಿಖೆ ಕೆಟ್ಟುಹೋದದ್ದನ್ನು ಕಟುವಾಗಿ ಟೀಕಿಸಿ, ತನ್ನ ಮುಂದಿದ್ದ ಪ್ರಕರಣಗಳಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಾಯಿಬಿಟ್ಟು ಹೇಳಬೇಕಾಯಿತು. ‘ತೀನ್’ ತೆರೆಕಂಡದ್ದು ಆ ಆದೇಶ ಬಂದು ಮೂರು ವರ್ಷದ ಮೇಲೆ. ಠಾಣೆಯಲ್ಲಿ ಕಾದು ಕೂತ ಜಾನ್‌ನ ಪಕ್ಕದಲ್ಲೇ ಇಷ್ಟೆಲ್ಲ ಇತ್ತು.

ಮಾರ್ಟಿನ್‌ನಂಥ ಪಾತ್ರ ಎಷ್ಟು ಜನ ಬರಹಗಾರರಿಗೆ ಸಿಕ್ಕೀತು! ಮಗುವನ್ನು ಉಳಿಸಲಾಗದ ಪೊಲೀಸ್ ಅಧಿಕಾರಿ, ಈಗ ಇತರರ ಪಾಪನಿವೇದನೆ ಕೇಳಿಸಿಕೊಳ್ಳುವ ಪೀಠದಲ್ಲಿ ಕೂತಿದ್ದಾನೆ. ಅವನ ತಪ್ಪನ್ನು ಯಾರು ಕ್ಷಮಿಸಬೇಕು? ದೇವರೋ, ಏಂಜೆಲಾಳ ಅಜ್ಜನೋ? ನವಾಜುದ್ದೀನ್ ಮುಖದಲ್ಲಿ ಈ ಕಳವಳ ಆಗೀಗ ಹಾದುಹೋಗುತ್ತದೆ. ಅಷ್ಟರಲ್ಲಿ ಫೋನ್ ಕರೆಯ ಜಾಡು, ಹಣದ ಚೀಲದ ಓಡಾಟ ಶುರುವಾಗಿ ಪಾದ್ರಿಯ ನಿಲುವಂಗಿ ಬರೀ ವೇಷವಾಗುತ್ತದೆ.

ಜಾನ್‌ನ ಹೆಂಡತಿ ನ್ಯಾನ್ಸಿಯಾಗಿ ನಟಿಸಿದವರು ಪದ್ಮಾವತಿ ರಾವ್. ಶಂಕರ್‌ನಾಗ್ ಅವರ ‘ಗೀತಾ’ದ ನಾಯಕಿ ಅಕ್ಷತಾ ರಾವ್ ಇವರೇ. ಗಾಲಿಕುರ್ಚಿಯಲ್ಲಿ ಕೂತ ಈ ಅಜ್ಜಿಗೆ ಇನ್ನಷ್ಟು ದೃಶ್ಯ ಕೊಡಬೇಕಿತ್ತು. ಗಂಡ ಠಾಣೆಗೆ ಹೋದ ಮೇಲೆ ಆ ಮನೆಯಲ್ಲಿ ದಿನವಿಡೀ ಇರುವವಳು ಅವಳು. ಅವಳ ಪಾಲಿನ ಎಂಟು ವರ್ಷ ಹೇಗಿದ್ದವೆಂದು ಯಾರೂ ಕೇಳಲಿಲ್ಲ.

‘ಮೊಂಟಾಜ್’ ಸಿಕ್ಕರೆ ನೋಡಿ. ಗಡುವು ಮುಗಿಯಲು ಕೆಲವೇ ದಿನವಿರುವಾಗ, ಹದಿನೈದು ವರ್ಷದ ಹಿಂದೆ ಅಪರಾಧ ನಡೆದ ಸ್ಥಳದಲ್ಲಿ ಯಾರೋ ಹೂ ಇಟ್ಟು ಹೋಗಿರುತ್ತಾರೆ. ಪತ್ತೇದಾರಿ ಕಥೆಗೆ ಬೇಕಾದ ಸುಳಿವೂ ಅದೇ, ಒಬ್ಬ ಮನುಷ್ಯನ ಪಾಪಪ್ರಜ್ಞೆಯೂ ಅದೇ.